ಹಬೆಗೆ ಲೆಕ್ಕ ಕೇಳಿದವನು

ಬೋರ್‌ವೆಲ್ ಕೊರೆಸಿ ಬಂದವರನ್ನು ಊರಲ್ಲಿ ಮೊದಲು ಕೇಳುವುದು "ಎಷ್ಟು ಅಡಿಗೆ ನೀರು ಬಿತ್ತು?" ಅಂತ. ಅದರ ಹಿಂದೆಯೇ ಬರುವ ಪ್ರಶ್ನೆ "ಎಷ್ಟು ಎಚ್‌ಪಿ ಮೋಟರು ಇಳಿಸಿದ್ರಿ?" ಐದು, ಏಳೂವರೆ, ಹತ್ತು. ಎಚ್‌ಪಿ ಅಂದರೆ ಹಾರ್ಸ್‌ಪವರ್, ಕುದುರೆಯ ಬಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಹಾಗಾಗಿ ಈ ಎಚ್‌ಪಿ ವಿಧಾನಸೌಧದ ಬಜೆಟ್ಟಿನ ತನಕವೂ ನಡೆದುಕೊಂಡು ಹೋಗುತ್ತದೆ. ಎತ್ತು ಹೂಡಿದ ಹೊಲ, ಟ್ರ್ಯಾಕ್ಟರ್ ಓಡಿದ ಹೊಲ, ಕುದುರೆಯ ಗೊರಸು ಮಾತ್ರ ತಾಗದ ಹೊಲ. ಅಲ್ಲಿ ಈ ಕುದುರೆ ಲೆಕ್ಕ ಬಂದದ್ದು ಹೇಗೆ? ಮನೆಗೆ ಬರುವ ಕರೆಂಟ್ ಬಿಲ್ಲಿನ 'ಯೂನಿಟ್ಟು' ಅಂದರೆ ಒಂದು ಕಿಲೋವಾಟ್ ಗಂಟೆ. ಈ ಎರಡೂ ಅಳತೆಗಳ ಹಿಂದೆ ಇರುವವನು ಒಬ್ಬನೇ, ಸ್ಕಾಟ್ಲೆಂಡಿನ ಜೇಮ್ಸ್ ವಾಟ್. ಕುದುರೆಯದನ್ನು ಅವನೇ ಚಲಾವಣೆಗೆ ತಂದ. ಇನ್ನೊಂದಕ್ಕೆ ಅವನು ಸತ್ತು ಅರವತ್ತಮೂರು ವರ್ಷ ಕಳೆದ ಮೇಲೆ, 1882ರಲ್ಲಿ, ಎಂಜಿನಿಯರ್ ವಿಲಿಯಂ ಸೀಮೆನ್ಸ್ ಅವನ ಹೆಸರು ಸೂಚಿಸಿದ.

ವಾಟ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಕೆಟಲ್ ಕಥೆ. ಹುಡುಗ ಒಲೆಯ ಮುಂದೆ ಕೂತಿದ್ದ, ಹಬೆಗೆ ಮುಚ್ಚಳ ಕುಣಿಯಿತು, ಹುಡುಗನ ತಲೆಯಲ್ಲಿ ದೀಪ ಹತ್ತಿತು, ಉಗಿಯಂತ್ರ ಹುಟ್ಟಿತು. ಕಥೆಯಾಗಿ ಚೆನ್ನಾಗಿದೆ. ಆದರೆ ವಾಟ್ ಗ್ರೀನಾಕ್ ಎಂಬ ಬಂದರು ಊರಿನಲ್ಲಿ ಹುಟ್ಟಿದ್ದು 1736ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಉಗಿಯಂತ್ರ ಕೆಲಸಕ್ಕೆ ನಿಂತು ಇಪ್ಪತ್ತನಾಲ್ಕು ವರ್ಷವಾಗಿತ್ತು. ಡಾರ್ಟ್‌ಮತ್ ಊರಿನ ಕಬ್ಬಿಣದ ವ್ಯಾಪಾರಿ ಥಾಮಸ್ ನ್ಯೂಕಾಮನ್ 1712ರಲ್ಲೇ ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತುವ ಯಂತ್ರ ನಿಲ್ಲಿಸಿದ್ದ. ವಾಟ್ ಕೈಗೆ ಬಂದದ್ದು ಓಡುತ್ತಿದ್ದ ಯಂತ್ರವೇ. ಅವನು ಅದಕ್ಕೆ ಕೇಳಿದ್ದು ಲೆಕ್ಕ: ನಿನಗೆ ಕೊಟ್ಟ ಹಬೆಯೆಲ್ಲ ಎಲ್ಲಿ ಹೋಯಿತು?

ಪ್ರಶ್ನೆ ಏಕೆ ಎದ್ದಿತು ಎಂದು ತಿಳಿಯಬೇಕಾದರೆ ನ್ಯೂಕಾಮನ್‌ನ ಯಂತ್ರದೊಳಗೆ ಒಮ್ಮೆ ಇಣುಕಬೇಕು. ಅದಕ್ಕೆ ನಮ್ಮ ಊಟದ ಡಬ್ಬಿಯೇ ಸಾಕು. ಸ್ಟೀಲ್ ಡಬ್ಬಿಗೆ ಹಬೆಯಾಡುವ ಅನ್ನ ತುಂಬಿ ಮುಚ್ಚಳ ಬಿಗಿದಿರಿ ಅನ್ನಿ. ಮಧ್ಯಾಹ್ನ ತೆಗೆಯಲು ಹೋದರೆ ಮುಚ್ಚಳ ಜಗ್ಗುವುದೇ ಇಲ್ಲ. ಒಳಗಿದ್ದ ಹಬೆ ತಣ್ಣಗಾಗಿ ನಾಲ್ಕು ಹನಿ ನೀರಾಗಿದೆ; ಅದು ತುಂಬಿದ್ದ ಜಾಗ ಬರಿದಾಗಿದೆ; ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿದೆ. ಒಂದು ಲೀಟರ್ ನೀರು ಕುದಿದು ಹೋದರೆ ಸುಮಾರು 1,700 ಲೀಟರ್ ಹಬೆಯಾಗುತ್ತದೆ. ಮತ್ತೆ ನೀರಾಗುವಾಗ ಅಷ್ಟೂ ಜಾಗ ಖಾಲಿ ಬೀಳುತ್ತದೆ. ಗಾಳಿಯ ಒತ್ತಡವೋ, ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಡಬ್ಬಿಯ ಮುಚ್ಚಳದ ಮೇಲೆಯೇ ಹತ್ತಿಪ್ಪತ್ತು ಕಿಲೋ ಬೀಳುವುದು ದೊಡ್ಡದಲ್ಲ.

ನ್ಯೂಕಾಮನ್ ಮಾಡಿದ್ದು ಇದನ್ನೇ, ದೊಡ್ಡ ಗಾತ್ರದಲ್ಲಿ. ನಿಂತ ಸಿಲಿಂಡರಿನೊಳಗೆ ಒಂದು ಪಿಸ್ಟನ್, ಅದಕ್ಕೆ ಕಟ್ಟಿದ ಭಾರಿ ತೊಲೆ, ತೊಲೆಯ ಇನ್ನೊಂದು ತುದಿಗೆ ಗಣಿಯೊಳಗೆ ಇಳಿದ ಪಂಪಿನ ಸರಳು. ನಮ್ಮ ಹಳೆಯ ಏತದಂತೆಯೇ ತೂಗುವ ತೊಲೆ. ಕೆಳಗಿನ ಬಾಯ್ಲರಿನಿಂದ ಸಿಲಿಂಡರಿಗೆ ಹಬೆ ತುಂಬುತ್ತದೆ. ತುಂಬಿದ ಮೇಲೆ ಸಿಲಿಂಡರಿನೊಳಕ್ಕೇ ತಣ್ಣೀರು ಚಿಮ್ಮಿಸುತ್ತಾರೆ. ಹಬೆ ನೀರಾಗುತ್ತದೆ, ಒಳಗೆ ನಿರ್ವಾತ, ಮೇಲಿನ ಗಾಳಿ ಪಿಸ್ಟನ್ನನ್ನು ದಡಕ್ಕನೆ ಕೆಳಕ್ಕೆ ತಳ್ಳುತ್ತದೆ, ಆ ತುದಿಯಲ್ಲಿ ಪಂಪು ನೀರೆತ್ತುತ್ತದೆ. ಇಲ್ಲಿ ದುಡಿಯುವುದು ಗಾಳಿ. ಹಬೆಗೆ ಇರುವುದು ಜಾಗ ಹಿಡಿದು ಕೂತು, ಸಮಯಕ್ಕೆ ಸರಿಯಾಗಿ ಜಾಗ ಖಾಲಿ ಮಾಡುವ ಕೆಲಸ.

ತೊಂದರೆ ಇರುವುದು ಆ ತಣ್ಣೀರಿನಲ್ಲಿ. ದೋಸೆ ಹುಯ್ಯುವವರು ಕಾವಲಿಗೆ ಒಂದು ಚಿಟಿಕೆ ನೀರು ಚಿಮುಕಿಸುವುದುಂಟು. ಅದರ ಬದಲು ಒಂದೊಂದು ದೋಸೆಗೂ ಕಾವಲಿಯನ್ನು ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ, ಮತ್ತೆ ಒಲೆಗಿಟ್ಟು ಕಾಯಿಸುವ ಹೋಟೆಲನ್ನು ಊಹಿಸಿಕೊಳ್ಳಿ. ಸೌದೆಯ ಖರ್ಚಿಗೇ ಹೋಟೆಲು ಮುಚ್ಚೀತು. ನ್ಯೂಕಾಮನ್ ಯಂತ್ರ ನಿಮಿಷಕ್ಕೆ ಹತ್ತು ಹನ್ನೆರಡು ಸಲ ತನ್ನ ಸಿಲಿಂಡರನ್ನು ಹೀಗೆ ತಣಿಸಿ ಕಾಯಿಸುತ್ತಿತ್ತು. ಆದರೂ ಐವತ್ತು ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಹೆಚ್ಚಿನ ಯಂತ್ರಗಳು ನಿಂತಿದ್ದೇ ಕಲ್ಲಿದ್ದಲು ಗಣಿಯ ಬಾಯಲ್ಲಿ. ಮಾರಾಟಕ್ಕೆ ಬಾರದ ಪುಡಿ ಕಲ್ಲಿದ್ದಲು ಅಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಪುಕ್ಕಟೆ ಸಿಕ್ಕಿದ್ದಕ್ಕೆ ಲೆಕ್ಕ ಇಡುವವರು ಯಾರು?

ವಾಟ್ ಬೆಳೆದದ್ದು ಉಪಕರಣಗಳ ನಡುವೆ. ತಂದೆ ಹಡಗಿನ ಕೆಲಸದವನು, ವ್ಯಾಪಾರಿ. ತಾತ ಗಣಿತ ಮತ್ತು ನೌಕಾಯಾನ ಕಲಿಸುತ್ತಿದ್ದವನು. ಹುಡುಗನಿಗೆ ಆರೋಗ್ಯ ಅಷ್ಟಕ್ಕಷ್ಟೇ, ತಲೆನೋವು ಬೆನ್ನುಹತ್ತಿದ ಸಂಗಾತಿ, ಓದಿದ್ದರಲ್ಲಿ ಬಹುಪಾಲು ಮನೆಯಲ್ಲೇ. 1755ರಲ್ಲಿ ಲಂಡನ್ನಿಗೆ ಹೋಗಿ, ದಿಕ್ಸೂಚಿ, ಕ್ವಾಡ್ರಂಟ್, ಅಳತೆಪಟ್ಟಿ ಮಾಡುವ ಕಸುಬನ್ನು ಒಂದೇ ವರ್ಷದಲ್ಲಿ ಕಲಿತು ಬಂದ. ಪದ್ಧತಿಯಂತೆ ಏಳು ವರ್ಷ ಕಲಿಯಬೇಕಿತ್ತು. ಹಾಗಾಗಿ ಗ್ಲಾಸ್ಗೋದಲ್ಲಿ ಅಂಗಡಿ ತೆರೆಯಲು ಅಲ್ಲಿನ ಕಸುಬುದಾರರ ಸಂಘ ಬಿಡಲಿಲ್ಲ. ಆಗ ಗ್ಲಾಸ್ಗೋ ವಿಶ್ವವಿದ್ಯಾಲಯ ತನ್ನ ಆವರಣದಲ್ಲೇ ಒಂದು ಕೋಣೆ ಕೊಟ್ಟಿತು. ಅದಕ್ಕೂ ಮುನ್ನ ಅವನು ಜಮೈಕಾದಿಂದ ಬಂದಿದ್ದ ಖಗೋಳ ಉಪಕರಣಗಳನ್ನು ಅವರಿಗೆ ಸರಿ ಮಾಡಿಕೊಟ್ಟಿದ್ದ. ಅವು ಅಲ್ಲಿನ ಒಬ್ಬ ತೋಟದ ಮಾಲೀಕ ಬಿಟ್ಟುಹೋದ ಉಪಕರಣಗಳು. ಗುಲಾಮರ ದುಡಿಮೆಯ ಸಕ್ಕರೆ ಮತ್ತು ತಂಬಾಕಿನ ಹಣ ಆಗಿನ ಗ್ಲಾಸ್ಗೋದ ಗೋಡೆಗೋಡೆಯಲ್ಲೂ ಇತ್ತು. ವಾಟ್‌ನ ಕಥೆಯಿಂದ ಅದನ್ನು ತೊಳೆದು ಹಾಕಲು ಬರುವುದಿಲ್ಲ.

1763ರ ಚಳಿಗಾಲದಲ್ಲಿ ಆ ಕೋಣೆಗೆ ಒಂದು ರಿಪೇರಿ ಬಂತು. ಪಾಠಕ್ಕೆ ಬಳಸುವ ನ್ಯೂಕಾಮನ್ ಯಂತ್ರದ ಪುಟ್ಟ ಮಾದರಿ. ಸಿಲಿಂಡರಿನ ಅಗಲ ಎರಡು ಇಂಚು, ಪಿಸ್ಟನ್ನಿನ ಓಟ ಆರು ಇಂಚು. ಲಂಡನ್ನಿನ ಹೆಸರಾಂತ ಕುಶಲಿಗನ ಬಳಿಗೂ ಹೋಗಿ ಬಂದಿತ್ತು, ಸರಿಹೋಗಿರಲಿಲ್ಲ. ವಾಟ್ ಕೈಯಲ್ಲಿ ಅದು ಓಡಿತು. ಆದರೆ ನಾಲ್ಕಾರು ಸಲ ತೂಗಿ ನಿಂತುಬಿಟ್ಟಿತು. ಬಾಯ್ಲರು ಸಿಲಿಂಡರಿಗೆ ತಕ್ಕಷ್ಟು ದೊಡ್ಡದೇ ಇತ್ತು, ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು, ಹಬೆ ಮಾತ್ರ ಸಾಲುತ್ತಿರಲಿಲ್ಲ.

ರಿಪೇರಿಯವರು ಸಾಮಾನ್ಯವಾಗಿ ಇಂಥಲ್ಲಿ "ಇದರ ಯೋಗ್ಯತೆಯೇ ಇಷ್ಟು" ಎಂದು ಕೈ ತೊಳೆದುಕೊಳ್ಳುತ್ತಾರೆ. ವಾಟ್ ಅಳೆಯಲು ಕೂತ. ಸಿಲಿಂಡರ್ ಒಂದು ಸಲ ತುಂಬಲು ಎಷ್ಟು ಹಬೆ ಬೇಕು? ಒಂದು ತೂಗಿಗೆ ನಿಜವಾಗಿ ಎಷ್ಟು ಖರ್ಚಾಗುತ್ತಿದೆ? ಲೆಕ್ಕ ಹಾಕಿದರೆ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹಬೆ ಒಳಗೆ ಹೋಗಿ ಮಾಯವಾಗುತ್ತಿತ್ತು. ಮೊದಲು ಗಾತ್ರದ ಮೇಲೆ ಅನುಮಾನ ಬಂತು. ಲೋಟದ ಕಾಫಿ ಮಾತಾಡುವಷ್ಟರಲ್ಲಿ ಆರುತ್ತದೆ. ಬಚ್ಚಲ ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ವಸ್ತು ಚಿಕ್ಕದಾದಷ್ಟೂ ಅದರ ಹೊಟ್ಟೆಗಿಂತ ಮೈ ಹೆಚ್ಚು, ಬಿಸಿ ಸೋರುವುದು ಮೈಯಿಂದ. ಮಾದರಿ ಬೇಗ ದಣಿಯಲು ಇದು ಒಂದು ಕಾರಣ ನಿಜ. ಆದರೆ ಪೂರ್ತಿ ಕಳವನ್ನು ಈ ಒಬ್ಬನ ತಲೆಗೆ ಕಟ್ಟಲು ಆಗಲಿಲ್ಲ.

ಆಗ ಇನ್ನೊಂದು ಪರೀಕ್ಷೆ. ತಣ್ಣೀರಿಗೆ ಹಬೆ ಹಾಯಿಸಿ ಎಷ್ಟು ಹಬೆಗೆ ಎಷ್ಟು ನೀರು ಕಾಯುತ್ತದೆ ಎಂದು ನೋಡಿದ. ಒಂದು ಪಾಲು ನೀರಿನಿಂದಾದ ಹಬೆ, ತನ್ನ ಆರು ಪಾಲು ತೂಕದ ತಣ್ಣೀರನ್ನು ಕುದಿಯುವ ಬಿಸಿಗೆ ತಂದಿತು. ವಾಟ್‌ಗೆ ಇದು ವಿಚಿತ್ರವಾಗಿ ಕಂಡಿತು. ಹಬೆಯ ಬಿಸಿಯೂ ಕುದಿಯುವ ನೀರಿನ ಬಿಸಿಯೂ ಥರ್ಮಾಮೀಟರಿನಲ್ಲಿ ಒಂದೇ. ಹಾಗಾದರೆ ಆರು ಪಾಲು ನೀರು ಕಾಯಿಸುವ ಶಾಖ ಎಲ್ಲಿ ಅಡಗಿತ್ತು? ಅಡುಗೆ ಮಾಡುವವರಿಗೆ ಇದು ಅನುಭವದಿಂದ ಗೊತ್ತು. ಪಾತ್ರೆಯ ನೀರು ಹತ್ತು ನಿಮಿಷದಲ್ಲಿ ಕುದಿ ಹಿಡಿಯುತ್ತದೆ, ಆದರೆ ಅದೇ ಉರಿಯಲ್ಲಿ ಪೂರ್ತಿ ಬತ್ತಿಹೋಗಲು ಒಂದು ಗಂಟೆಯ ಮೇಲಾದರೂ ಬೇಕು. ಅಷ್ಟು ಹೊತ್ತೂ ಉರಿ ಕೊಡುತ್ತಲೇ ಇದ್ದೀರಿ, ಬಿಸಿ ಮಾತ್ರ ನೂರು ಡಿಗ್ರಿ ದಾಟುವುದಿಲ್ಲ. ಆ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೇ ಖರ್ಚು. ಹಬೆ ಕೈಗೆ ತಾಗಿ ನೀರಾಗುವಾಗ ಅಷ್ಟನ್ನೂ ಒಮ್ಮೆಗೇ ಹಿಂದಕ್ಕೆ ಕೊಡುತ್ತದೆ, ಅದಕ್ಕೇ ಬಿಸಿನೀರಿಗಿಂತ ಹಬೆಯ ಸುಟ್ಟಗಾಯ ಕೆಟ್ಟದ್ದು. ಅದೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೋಸೆಫ್ ಬ್ಲ್ಯಾಕ್ ಇದನ್ನು ಆಗಲೇ ಕಂಡುಕೊಂಡು ಪಾಠ ಮಾಡುತ್ತಿದ್ದ. ನಮ್ಮ ಶಾಲಾ ಪುಸ್ತಕಗಳಲ್ಲಿ ಅದರ ಹೆಸರು ಗುಪ್ತೋಷ್ಣ.

ಈಗ ಕಳ್ಳ ಸಿಕ್ಕಿದ. ತಣ್ಣೀರು ಚಿಮ್ಮಿಸಿದಾಗ ಹಬೆಯ ಜತೆಗೆ ಸಿಲಿಂಡರಿನ ಗೋಡೆಯೂ ತಣ್ಣಗಾಗುತ್ತದೆ. ಮುಂದಿನ ಸಲ ಬಂದ ಹಬೆ ಆ ಗೋಡೆಗೆ ತಾಗಿದೊಡನೆ ನೀರಾಗಿ, ಹೊತ್ತು ತಂದ ಗುಪ್ತೋಷ್ಣವನ್ನೆಲ್ಲ ಲೋಹಕ್ಕೆ ಸುರಿದುಬಿಡುತ್ತದೆ. ಗೋಡೆ ಮತ್ತೆ ನೂರು ಡಿಗ್ರಿಗೆ ಬರುವವರೆಗೂ ಒಂದು ಚೂರು ಕೆಲಸವಿಲ್ಲ, ಬರೀ ಖರ್ಚು. ಹಾಗಾದರೆ ತಣ್ಣೀರು ಕಡಿಮೆ ಬಿಟ್ಟರಾಯಿತಲ್ಲ? ಅಲ್ಲೂ ಒಂದು ಕುತ್ತು. ಮಡಿಕೇರಿಯ ಎತ್ತರದಲ್ಲಿ ನೀರು ನೂರಕ್ಕಿಂತ ಕಡಿಮೆ ಬಿಸಿಗೇ ಕುದಿಯುತ್ತದೆ, ಗಾಳಿಯ ಒತ್ತಡ ಅಲ್ಲಿ ಕಡಿಮೆ. ಒತ್ತಡವೇ ಇಲ್ಲದ ಕಡೆ ಉಗುರುಬೆಚ್ಚಗಿನ ನೀರೂ ಆವಿಯಾಡುತ್ತದೆ. ಸಿಲಿಂಡರಿನೊಳಗೆ ನೀರು ಬಿಸಿಯಾಗಿ ಉಳಿದರೆ ಆ ಆವಿ ಪಿಸ್ಟನ್ನನ್ನು ಕೆಳಗಿನಿಂದ ತಡೆದು ನಿಲ್ಲಿಸುತ್ತದೆ. ನಿರ್ವಾತ ಚೆನ್ನಾಗಿರಬೇಕಾದರೆ ಸಿಲಿಂಡರು ತಣ್ಣಗಿರಬೇಕು. ಹಬೆ ಉಳಿಯಬೇಕಾದರೆ ಅದೇ ಸಿಲಿಂಡರು ಸುಡುಬಿಸಿ ಇರಬೇಕು. ಒಂದೇ ಪಾತ್ರೆ, ಎರಡು ಆಜ್ಞೆ. ನ್ಯೂಕಾಮನ್ ಯಂತ್ರದ ಕೆಲಸಗಾರರು ಐವತ್ತು ವರ್ಷ ಈ ಎರಡರ ನಡುವೆ ರಾಜಿ ಮಾಡಿಸಿಕೊಂಡು ಬಂದಿದ್ದರು.

ಒಂದು ವರ್ಷಕ್ಕೂ ಮೀರಿ ವಾಟ್ ಇದನ್ನೇ ಜಗಿಯುತ್ತಿದ್ದ. 1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಊರ ಬಯಲಿನಲ್ಲಿ ತಿರುಗಾಡಲು ಹೋದವನಿಗೆ, ಅಗಸರ ಮನೆ ದಾಟಿ ದನಗಾಹಿಯ ಗುಡಿಸಲಿನ ಹತ್ತಿರ ಬರುವಷ್ಟರಲ್ಲಿ ದಾರಿ ಹೊಳೆಯಿತು ಎಂದು ಮುಪ್ಪಿನಲ್ಲಿ ಅವನೇ ಹೇಳಿಕೊಂಡಿದ್ದಾನೆ. ಎರಡು ಆಜ್ಞೆಗೆ ಎರಡು ಪಾತ್ರೆ. ಸಿಲಿಂಡರಿನ ಪಕ್ಕದಲ್ಲಿ ಇನ್ನೊಂದು ಖಾಲಿ ಪಾತ್ರೆ ಇಡು, ಅದನ್ನು ಸದಾ ತಣ್ಣೀರಿನಲ್ಲಿ ಮುಳುಗಿಸಿಡು. ಎರಡರ ನಡುವಿನ ಕವಾಟ ತೆರೆದರೆ ಹಬೆ ತಾನಾಗಿ ಖಾಲಿ ಜಾಗಕ್ಕೆ ನುಗ್ಗುತ್ತದೆ, ಅಲ್ಲಿ ನೀರಾಗುತ್ತದೆ. ಸಿಲಿಂಡರೊಳಗೆ ಒಂದು ಹನಿ ತಣ್ಣೀರೂ ಬೀಳುವುದಿಲ್ಲ. ಅದು ಸದಾ ಬಿಸಿ, ಇದು ಸದಾ ತಂಪು. ಇದೇ ಪ್ರತ್ಯೇಕ ಕಂಡೆನ್ಸರ್. ಆಗಿನ ಸ್ಕಾಟ್ಲೆಂಡಿನಲ್ಲಿ ದೇವರ ದಿನವಾದ ಭಾನುವಾರ ಉಪಕರಣ ಮುಟ್ಟುವ ಹಾಗಿರಲಿಲ್ಲ. ಬೆಳಗಾದ ಮೇಲೆ ಹಿತ್ತಾಳೆಯ ದೊಡ್ಡ ಸಿರಿಂಜೊಂದನ್ನು ಸಿಲಿಂಡರ್ ಮಾಡಿಕೊಂಡು ಪರೀಕ್ಷೆಗೆ ನಿಂತ. ಕೆಲಸ ಮಾಡಿತು. ಆಮೇಲೆ ಬೇಕಾದ ಉಳಿದ ಅಂಗಗಳು ಒಂದರ ಹಿಂದೆ ಒಂದು ಬಂದವು: ಕಂಡೆನ್ಸರಿನಲ್ಲಿ ಕೂಡುವ ನೀರನ್ನೂ ಗಾಳಿಯನ್ನೂ ಹೊರಹಾಕಲು ಪಂಪು, ಸಿಲಿಂಡರು ಆರದಂತೆ ಅದಕ್ಕೊಂದು ಹಬೆಯ ಅಂಗಿ, ಪಿಸ್ಟನ್ನಿನ ಮೇಲ್ಭಾಗವನ್ನೂ ಮುಚ್ಚಿ, ತಣ್ಣನೆ ಗಾಳಿಯ ಬದಲು ಹಬೆಯಿಂದಲೇ ಕೆಳಕ್ಕೊತ್ತುವ ಏರ್ಪಾಡು.

ಸುಲಭ ಅನ್ನಿಸುತ್ತದೆ ಅಲ್ಲವೇ? ಹೇಳಿದ ಮೇಲೆ ಎಲ್ಲವೂ ಸುಲಭವೇ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟರ್ಬೈನು ತಿರುಗಿಸಿ ಬಂದ ಹಬೆ ಇವತ್ತಿಗೂ ಹೋಗುವುದು ಒಂದು ಕಂಡೆನ್ಸರಿಗೆ. ಅದನ್ನು ತಣಿಸುವ ನೀರು ಕೃಷ್ಣೆಯದು. ಕೈಗಾ ಅಣುಸ್ಥಾವರದಲ್ಲಿ ಆ ನೀರು ಕದ್ರಾ ಜಲಾಶಯದ್ದು. ಪಿಸ್ಟನ್ ಹೋಯಿತು, ತೊಲೆ ಹೋಯಿತು, ಆ ಎರಡನೇ ಪಾತ್ರೆ ಮಾತ್ರ ಹಾಗೇ ಇದೆ.

ಐಡಿಯಾ ಬಂದದ್ದು ಒಂದು ನಡಿಗೆಯಲ್ಲಿ, ಯಂತ್ರ ಬಂದದ್ದು ಹನ್ನೊಂದು ವರ್ಷದಲ್ಲಿ. ವಾಟ್ ಜೀವನದ ಈ ಭಾಗವನ್ನೇ ಪಾಠದ ಪುಸ್ತಕಗಳು ಹಾರಿಸಿಬಿಡುತ್ತವೆ, ನನಗೆ ಹೆಚ್ಚು ಹಿಡಿಸುವುದು ಇದೇ. ನ್ಯೂಕಾಮನ್ ಯಂತ್ರದಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದಿಗೆ ಮೇಲಿನಿಂದ ನೀರು ನಿಲ್ಲಿಸಿದರೆ ಸಾಕಿತ್ತು, ಹಬೆ ಸೋರುತ್ತಿರಲಿಲ್ಲ. ಸಿಲಿಂಡರು ಬಿಸಿಯಾಗಿರಲೇಬೇಕು ಎಂದ ವಾಟ್‌ಗೆ ಆ ನೀರು ನಿಷಿದ್ಧ. ಹಾಗಾಗಿ ಪಿಸ್ಟನ್ನು ಒಣಗಿಯೇ ಬಿಗಿಯಾಗಿ ಕೂರಬೇಕು. ಆಗಿನ ಕಮ್ಮಾರರು ಬಡಿದ, ಎರಕ ಹುಯ್ದ ಸಿಲಿಂಡರುಗಳೋ, ಒಂದು ಕಡೆ ಬೆರಳು ತೂರುವಷ್ಟು ಸೊಟ್ಟ. ಕಾರ್ಕ್ ತುರುಕಿದ, ಎಣ್ಣೆಬಟ್ಟೆ ಸುತ್ತಿದ, ನಾರು ತುಂಬಿದ. ಎಲ್ಲ ಕಡೆಯಿಂದಲೂ ಹಬೆ ಸೀಟಿ ಹೊಡೆಯಿತು. ಕ್ಯಾರನ್ ಕಬ್ಬಿಣ ಕಾರ್ಖಾನೆ ಕಟ್ಟಿದವರಲ್ಲಿ ಒಬ್ಬನಾದ ಜಾನ್ ರೋಬಕ್, ವಾಟ್‌ನ ಸಾಲ ತೀರಿಸಿ, ಪ್ರತಿಯಾಗಿ ಹಕ್ಕಿನಲ್ಲಿ ಮೂರರಲ್ಲಿ ಎರಡು ಪಾಲು ಬರೆಸಿಕೊಂಡ. 1769ರ ಜನವರಿಯಲ್ಲಿ ಪೇಟೆಂಟೂ ಬಂತು. ಅದರ ತಲೆಬರಹದಲ್ಲಿ ಹೊಸ ಯಂತ್ರ ಎಂಬ ಮಾತೇ ಇಲ್ಲ, ಇರುವುದು ಹಬೆ ಮತ್ತು ಇಂಧನದ ಖರ್ಚು ತಗ್ಗಿಸುವ ವಿಧಾನ ಎಂದು. ಆದರೆ ಓಡುವ ಯಂತ್ರವಿಲ್ಲ. ಹೊಟ್ಟೆಪಾಡಿಗೆ ವಾಟ್ ವರ್ಷಗಟ್ಟಲೆ ಕಾಲುವೆಗಳ ಸರ್ವೆ ಮಾಡುತ್ತ ಮಳೆಯಲ್ಲಿ ನೆನೆದ. 1770ರ ಹುಟ್ಟುಹಬ್ಬದ ಹೊತ್ತಿಗೆ ಗೆಳೆಯನಿಗೆ ಬರೆದ ಕಾಗದದಲ್ಲಿ, ಮೂವತ್ತೈದನೇ ವರ್ಷಕ್ಕೆ ಕಾಲಿಡುತ್ತಿದ್ದೇನೆ, ಲೋಕಕ್ಕೆ ಇನ್ನೂ ಮೂವತ್ತೈದು ಪೆನ್ಸಿನಷ್ಟೂ ಉಪಕಾರ ಮಾಡಿಲ್ಲ ಎಂದು ಹಲುಬಿದ. ಬೇಸರದಲ್ಲೂ ಅವನಿಗೆ ವರ್ಷಕ್ಕೊಂದು ಪೆನ್ನಿಯ ದರ! 1773ರಲ್ಲಿ ರೋಬಕ್ ದಿವಾಳಿಯಾದ. ಅದೇ ವರ್ಷ, ವಾಟ್ ಉತ್ತರದ ಬೆಟ್ಟಗಳಲ್ಲಿ ಸರ್ವೆಯಲ್ಲಿದ್ದಾಗ, ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಹೋದಳು.

ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಬೇರೆಯೇ ಜಾಯಮಾನದವನು. ಗುಂಡಿ, ಬಕಲ್, ಬೆಳ್ಳಿ ಸಾಮಾನು ಮಾಡುವ ಅವನ ಸೋಹೋ ಕಾರ್ಖಾನೆ ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಹಿಂದೊಮ್ಮೆ ರೋಬಕ್ ಮೂರು ಜಿಲ್ಲೆಗಳ ಹಕ್ಕು ಕೊಡುತ್ತೇನೆಂದಾಗ ಬೋಲ್ಟನ್ ಬೇಡವೆಂದಿದ್ದ. ಮೂರು ಜಿಲ್ಲೆಗಾಗಿ ಮಾಡುವುದು ತನಗೆ ಗಿಟ್ಟದು, ಇಡೀ ಲೋಕಕ್ಕೆ ಮಾಡುವುದಾದರೆ ಸರಿ ಎಂಬ ಉತ್ತರ. ರೋಬಕ್ ಬಿದ್ದಾಗ ಆ ಪಾಲು ಇವನಿಗೆ ಬಂತು. 1774ರಲ್ಲಿ ವಾಟ್ ಬರ್ಮಿಂಗ್‌ಹ್ಯಾಮಿಗೆ ಗಂಟುಮೂಟೆ ಕಟ್ಟಿದ. ಮರುವರ್ಷ ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ಬೆಳೆಸಿಕೊಟ್ಟಿತು.

ಕೊನೆಗೆ ಸೊಟ್ಟ ಸಿಲಿಂಡರಿಗೆ ಮದ್ದು ಸಿಕ್ಕಿದ್ದು ಫಿರಂಗಿಯಿಂದ. ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್‌ಸನ್ 1774ರಲ್ಲಿ ಫಿರಂಗಿಯ ನಳಿಗೆಯನ್ನು ನೇರವಾಗಿ ಕೊರೆಯುವ ಹೊಸ ವಿಧಾನ ಕಂಡುಹಿಡಿದಿದ್ದ. ಅದನ್ನೇ ಬದಲಿಸಿ, ಎರಡೂ ತುದಿಯಲ್ಲಿ ಆಧಾರ ಕೊಟ್ಟ ದಪ್ಪ ದಂಡದ ಮೇಲೆ ಬೈರಿಗೆ ಕೂರಿಸಿ ಸಿಲಿಂಡರ್ ಕೊರೆದ. ಐವತ್ತು ಇಂಚು ಅಗಲದ ಸಿಲಿಂಡರಿನಲ್ಲಿ ಸವೆದ ಶಿಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲ ಎಂದು ಬೋಲ್ಟನ್ ಹಿಗ್ಗಿದ. ಅಷ್ಟು ಅಗಲದ ಪಿಸ್ಟನ್ನಿನ ಮೇಲೆ ಗಾಳಿಯಷ್ಟೇ ಒತ್ತಡ ಬಿದ್ದರೂ ಹನ್ನೆರಡು ಟನ್ನಿನ ಮೇಲಾಗುತ್ತದೆ; ಸಂದಿ ಮುಚ್ಚಿದರೆ ಎಷ್ಟು ಬಲ ಉಳಿಯಿತು ಎಂದು ನೀವೇ ಊಹಿಸಬಹುದು. 1776ರ ಮಾರ್ಚಿನಲ್ಲಿ ಟಿಪ್ಟನ್ ಬಳಿಯ ಬ್ಲೂಮ್‌ಫೀಲ್ಡ್ ಕಲ್ಲಿದ್ದಲು ಗಣಿಯಲ್ಲಿ ವಾಟ್ ಯಂತ್ರ ಕೆಲಸ ಶುರು ಮಾಡಿತು. ಅದೇ ಹೊತ್ತಿಗೆ ಇನ್ನೊಂದು, ವಿಲ್ಕಿನ್‌ಸನ್‌ನ ಕುಲುಮೆಗೆ ಗಾಳಿ ಊದಲು.

ಆದರೆ ಈ ಯಂತ್ರಕ್ಕೆ ನಿಜವಾದ ಗಿರಾಕಿ ಇದ್ದದ್ದು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. ತಾಮ್ರ ಮತ್ತು ತವರದ ಆಳವಾದ ಗಣಿಗಳು, ಅಗೆದಷ್ಟೂ ನೀರು, ಕಲ್ಲಿದ್ದಲು ಮಾತ್ರ ಇಲ್ಲ. ಅದು ಬರಬೇಕಾದದ್ದು ವೇಲ್ಸಿನಿಂದ ಹಡಗಿನಲ್ಲಿ. ಅಲ್ಲಿ ಇಂಧನ ಉಳಿತಾಯ ಅಂದರೆ ಗಣಿ ತೆರೆದಿರುತ್ತದೋ ಮುಚ್ಚುತ್ತದೋ ಎಂಬ ಪ್ರಶ್ನೆ. ಬೋಲ್ಟನ್ ಮತ್ತು ವಾಟ್ ಅಲ್ಲಿ ಹೂಡಿದ ವ್ಯವಹಾರ ಯಂತ್ರದಷ್ಟೇ ಜಾಣತನದ್ದು. ಯಂತ್ರದ ಭಾಗಗಳನ್ನು ಗಣಿಯವರೇ ಮಾಡಿಸಿಕೊಳ್ಳಲಿ, ನಾವು ನಕ್ಷೆ ಕೊಟ್ಟು ಜೋಡಿಸಿಕೊಡುತ್ತೇವೆ. ಅಷ್ಟೇ ಕೆಲಸಕ್ಕೆ ನ್ಯೂಕಾಮನ್ ಯಂತ್ರ ಎಷ್ಟು ಕಲ್ಲಿದ್ದಲು ತಿನ್ನುತ್ತಿತ್ತೋ ಅದಕ್ಕಿಂತ ನಮ್ಮದು ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿ. ನಡೆಯದ ಖರ್ಚಿನ ಮೇಲೆ ಬಾಡಿಗೆ! ಅದನ್ನು ಅಳೆಯಲು ತೊಲೆಗೆ ಒಂದು ಎಣಿಕೆ ಪೆಟ್ಟಿಗೆ ಬಡಿದರು. ತೊಲೆ ಎಷ್ಟು ಸಲ ತೂಗಿತು ಎಂದು ಅದು ತಾನೇ ಎಣಿಸುತ್ತಿತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಕಂಪನಿಯವರ ಬಳಿ. ನಮ್ಮ ಮನೆಯ ಗೋಡೆಯ ಮೇಲಿನ ಸೀಲು ಹಾಕಿದ ಮೀಟರಿನ ಮುತ್ತಜ್ಜ ಅದು ಎಂದರೆ ತಪ್ಪೇನಿಲ್ಲ. ಮೊದಮೊದಲು ಕಾರ್ನ್‌ವಾಲಿನ ಗಣಿಮಾಲೀಕರು ಸಂತೋಷದಿಂದಲೇ ಕೊಟ್ಟರು. ಹಳೆಯ ಯಂತ್ರದ ನೆನಪು ಮಾಸಿದ ಹಾಗೆ ಆ ಮೂರನೇ ಒಂದು ಪಾಲು ಸುಲಿಗೆಯಂತೆ ಕಾಣತೊಡಗಿತು. ತಾಮ್ರದ ಬೆಲೆ ಬಿದ್ದಾಗ ಜಗಳವೇ ಎದ್ದಿತು.

ಆ ಗಣಿಗಳ ತಲೆಮಾರುಗಳ ಕಸುಬು ಮುಂದೆ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ ಕಾರ್ನ್‌ವಾಲಿನ ಗಣಿಗಾರರು ಕೆಜಿಎಫ್‌ನಲ್ಲಿ ಬಂದು ನೆಲೆಸಿದರು. ಹಬೆ ಎಂಜಿನ್ನುಗಳೂ ಜತೆಗೆ ಬಂದವು, ಅವುಗಳ ಇಂಧನದ ತಲೆನೋವೂ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹೋಗಿ ಆ ಎಂಜಿನ್ನುಗಳನ್ನು ಮೂಲೆಗೆ ಸರಿಸಿತು. ಮೈಸೂರು ಸರ್ಕಾರ ಗಣಿಗಳೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ದರ ಇದ್ದದ್ದು ವರ್ಷಕ್ಕೆ ಒಂದು ಹಾರ್ಸ್‌ಪವರಿಗೆ ಇಷ್ಟು ಪೌಂಡು ಎಂದು. ಕಾವೇರಿಯ ಕರೆಂಟನ್ನೂ ಕುದುರೆ ಲೆಕ್ಕದಲ್ಲೇ ಮಾರಿದರು.

ಆ ಕುದುರೆ ಹುಟ್ಟಿದ್ದು ಹೀಗೆ. 1781ರ ಸುಮಾರಿಗೆ ಬೋಲ್ಟನ್ ವಾಟ್‌ನ ಬೆನ್ನು ಹತ್ತಿದ: ಗಣಿಗಳು ಎಷ್ಟಿದ್ದಾವು, ಗಿರಣಿಗಳತ್ತ ನೋಡು, ಜನ ಹಬೆಯ ಗಿರಣಿಗೆ ಹುಚ್ಚಾಗಿದ್ದಾರೆ. ಗಿರಣಿಗೆ ಬೇಕಾದದ್ದು ಏರಿಳಿಯುವ ತೊಲೆಯಲ್ಲ, ತಿರುಗುವ ಗಾಲಿ. ಏರಿಳಿತವನ್ನು ತಿರುಗಣಿ ಮಾಡಲು ಎಲ್ಲರಿಗೂ ಗೊತ್ತಿದ್ದ ಸಾಧನ ಕ್ರ್ಯಾಂಕು, ಬೀಸುವ ಕಲ್ಲಿನ ಗೂಟದಷ್ಟು ಹಳೆಯದು. ಅದನ್ನು ಎಂಜಿನ್ನಿಗೆ ಬಳಸುವ ಪೇಟೆಂಟನ್ನು ಜೇಮ್ಸ್ ಪಿಕಾರ್ಡ್ ಎಂಬವನು 1780ರಲ್ಲೇ ತೆಗೆದುಕೊಂಡಿದ್ದ. ವಾಟ್ ಕುದಿದುಹೋದ. ಕ್ರ್ಯಾಂಕು ಬಳಸದೆ, ಒಂದು ಹಲ್ಲುಗಾಲಿಯ ಸುತ್ತ ಇನ್ನೊಂದು ಹಲ್ಲುಗಾಲಿ ಪ್ರದಕ್ಷಿಣೆ ಹಾಕುವ 'ಸೂರ್ಯ ಮತ್ತು ಗ್ರಹ' ಎಂಬ ಜೋಡಣೆಯಿಂದ ಬಳಸುದಾರಿ ಹಿಡಿದ. 1782ರಲ್ಲಿ ಪಿಸ್ಟನ್ನನ್ನು ಎರಡೂ ಕಡೆಯಿಂದ ಹಬೆಯೇ ತಳ್ಳುವ ಯಂತ್ರ ಬಂತು. ಹಾಗೆ ತಳ್ಳುವಾಗ ಸರಳು ವಾಲದೆ ನೆಟ್ಟಗೆ ಏರಿಳಿಯುವಂತೆ 1784ರಲ್ಲಿ ಸರಳುಗಳ ಒಂದು ಹಂದರ ಜೋಡಿಸಿದ. ತಾನು ಮಾಡಿದ್ದರಲ್ಲೆಲ್ಲ ತನಗೆ ಹೆಮ್ಮೆ ಇದರ ಮೇಲೆಯೇ ಎಂದು ಮಗನಿಗೆ ಹೇಳಿದ್ದ. 1788ರಲ್ಲಿ ವೇಗ ಹೆಚ್ಚಾದಾಗ ತಾನಾಗಿ ಹಬೆ ತಗ್ಗಿಸುವ, ಎರಡು ಗುಂಡುಗಳು ತಿರುಗುವ ಗವರ್ನರ್ ಸೇರಿತು, ಗಾಳಿಗಿರಣಿಯವರಿಂದ ಕಲಿತದ್ದು.

ಈ ಗಿರಣಿಗಳಲ್ಲಿ ಹಳೆಯ ವಸೂಲಿ ನಡೆಯಲಿಲ್ಲ. ಅಲ್ಲಿ ಮೊದಲು ನ್ಯೂಕಾಮನ್ ಯಂತ್ರವೇ ಇರಲಿಲ್ಲ. ಉಳಿತಾಯವನ್ನು ಯಾವುದಕ್ಕೆ ಹೋಲಿಸುವುದು? ಇದ್ದದ್ದು ಗಾಣದೆತ್ತಿನಂತೆ ಸುತ್ತುವ ಕುದುರೆಗಳು. ಬಿಯರ್ ತಯಾರಕ ಕೇಳುತ್ತಿದ್ದದ್ದೂ ಅಷ್ಟೇ, ಇದು ನನ್ನ ಎಷ್ಟು ಕುದುರೆಯ ಕೆಲಸ ಮಾಡೀತು? ವಾಟ್ ಗಿರಣಿ ಕುದುರೆಯ ನಡಿಗೆ, ಸುತ್ತು, ಎಳೆತ ಎಲ್ಲವನ್ನೂ ಲೆಕ್ಕ ಹಾಕಿ, ನಿಮಿಷಕ್ಕೆ 33,000 ಪೌಂಡು ತೂಕವನ್ನು ಒಂದು ಅಡಿ ಎತ್ತಿದರೆ ಅದು ಒಂದು ಕುದುರೆ ಎಂದು ನಿಗದಿ ಮಾಡಿದ. ನಮ್ಮ ಲೆಕ್ಕಕ್ಕೆ ತಂದರೆ 76 ಕಿಲೋ ಮೂಟೆಯನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಬಲ, ಅಂದರೆ 746 ವಾಟ್. ಬಡಪಾಯಿ ಕುದುರೆ ಇಡೀ ದಿನ ಇಷ್ಟು ಎಳೆಯಲಾರದು. ಅಳತೆ ಉದಾರವಾಗಿದ್ದಷ್ಟೂ ಕೊಂಡವನು ಮೋಸವಾಯಿತು ಎನ್ನುವ ಹಾಗಿಲ್ಲ. ದರ ವರ್ಷಕ್ಕೆ ಒಂದು ಕುದುರೆಗೆ ಐದು ಪೌಂಡು, ಲಂಡನ್ನಿನಲ್ಲಿ ಆರು. ನಿಮ್ಮ ಬೋರ್‌ವೆಲ್ಲಿನಲ್ಲಿ ನೂರು ಮೀಟರ್ ಆಳದಿಂದ ನೀರೆತ್ತುವ 5 ಎಚ್‌ಪಿ ಮೋಟರು, ಸೋರಿಕೆ ಸವಕಳಿ ಇಲ್ಲದಿದ್ದರೆ, ಸೆಕೆಂಡಿಗೆ 3.8 ಲೀಟರ್ ಎತ್ತಬೇಕು. ಕೊಡ ಇಟ್ಟು ಅಳೆದು ನೋಡಿದರೆ ಪೈಪು, ಪಂಪು ಎಷ್ಟು ನುಂಗುತ್ತಿವೆ ಎಂದು ತಿಳಿಯುತ್ತದೆ. ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ 1785ರಲ್ಲಿ ಕೂರಿಸಿದ ಒಂದು ವಾಟ್ ಎಂಜಿನ್ನು ಈಗ ಸಿಡ್ನಿಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಪಿಕಾರ್ಡ್ ಮೇಲೆ ಕುದಿದ ಇದೇ ವಾಟ್ ತನ್ನ ಪೇಟೆಂಟಿನ ಬೇಲಿಗೆ ಯಾರನ್ನೂ ಕೈ ಹಚ್ಚಗೊಡಲಿಲ್ಲ ಎಂಬುದನ್ನು ಮರೆಮಾಚಬಾರದು. ಜೊನಾಥನ್ ಹಾರ್ನ್‌ಬ್ಲೋವರ್ 1781ರಲ್ಲಿ ಒಂದು ಸಿಲಿಂಡರಿನಲ್ಲಿ ದುಡಿದ ಹಬೆಯನ್ನು ಇನ್ನೊಂದಕ್ಕೆ ಹಾಯಿಸಿ ಎರಡನೇ ಸಲ ದುಡಿಸುವ ಯಂತ್ರ ಮಾಡಿದ. ಹಬೆಗೆ ಲೆಕ್ಕ ಕೇಳುವುದರಲ್ಲಿ ವಾಟ್‌ಗಿಂತ ಒಂದು ಹೆಜ್ಜೆ ಮುಂದೆ. ಆದರೆ ಅದಕ್ಕೂ ಕಂಡೆನ್ಸರು ಬೇಕಿತ್ತು; 1799ರಲ್ಲಿ ಅವನ ಅಣ್ಣ ಜೇಬೆಜ್ ಮೇಲಿನ ಮೊಕದ್ದಮೆಯಲ್ಲಿ ನ್ಯಾಯಾಲಯ ವಾಟ್ ಪರ ನಿಂತಿತು. ತಮ್ಮದೇ ನೌಕರ ವಿಲಿಯಂ ಮರ್ಡಾಕ್ 1784ರಲ್ಲಿ ಕಾರ್ನ್‌ವಾಲಿನಲ್ಲಿ ಪುಟ್ಟ ಹಬೆಗಾಡಿ ಓಡಿಸಿದಾಗ, ಅದನ್ನು ಬಿಟ್ಟು ಕೊಟ್ಟ ಕೆಲಸ ನೋಡು ಎಂದರು. ಗಾಳಿಯ ಒತ್ತಡಕ್ಕಿಂತ ಎಷ್ಟೋ ಪಟ್ಟು ಬಲದ ಹಬೆಯನ್ನು ನೇರವಾಗಿ ದುಡಿಸಿದರೆ ಎಂಜಿನ್ನು ಗಾಡಿಯ ಮೇಲೆ ಕೂರುವಷ್ಟು ಚಿಕ್ಕದಾಗುತ್ತದೆ, ಕಂಡೆನ್ಸರೂ ಬೇಡ. ವಾಟ್ ಅದಕ್ಕೆ ಕಡೆಯವರೆಗೂ ವಿರೋಧಿ. ಆಗಿನ ಬಾಯ್ಲರುಗಳ ತಗಡು, ರಿವೆಟ್ಟು ನೋಡಿದರೆ ಅವನ ಭಯ ಸುಳ್ಳಲ್ಲ. ಅವು ಸಿಡಿದು ಜನ ಸತ್ತದ್ದುಂಟು. ಆದರೆ ಭಯ ಮತ್ತು ಲಾಭ ಒಂದೇ ಕಡೆ ನಿಂತಾಗ ಯಾವುದು ಮಾತಾಡುತ್ತಿದೆ ಎಂದು ಹೇಳುವುದು ಕಷ್ಟ. 1800ರಲ್ಲಿ ಪೇಟೆಂಟು ಮುಗಿಯಿತು. ನಾಲ್ಕು ವರ್ಷಕ್ಕೆ, 1804ರ ಫೆಬ್ರವರಿಯಲ್ಲಿ, ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್ ವೇಲ್ಸಿನ ಪೆನಿಡ್ಯಾರನ್ ಕಬ್ಬಿಣ ಕಾರ್ಖಾನೆಯ ಹಳಿಯ ಮೇಲೆ ಉಗಿಬಂಡಿ ಓಡಿಸಿದ. ಹೆಚ್ಚಿನ ಒತ್ತಡದ ಯಂತ್ರ ತಂದದ್ದಕ್ಕೆ ಟ್ರೆವಿಥಿಕ್‌ನನ್ನು ಗಲ್ಲಿಗೇರಿಸಬೇಕು ಎಂದು ವಾಟ್ ಹೇಳಿದ್ದನಂತೆ, ಹಾಗೆಂದು ಟ್ರೆವಿಥಿಕ್ಕೇ ಬರೆದಿಟ್ಟಿದ್ದಾನೆ.

1800ಕ್ಕೆ ವಾಟ್ ವ್ಯವಹಾರವನ್ನು ಮಕ್ಕಳಿಗೆ ಬಿಟ್ಟ. ಅಷ್ಟರಲ್ಲಿ ಸುಮಾರು ಐನೂರು ಎಂಜಿನ್ನುಗಳು ನಿಂತಿದ್ದವು, ಅರ್ಧಕ್ಕಿಂತ ಹೆಚ್ಚು ಗಿರಣಿ ಕಾರ್ಖಾನೆಗಳಲ್ಲಿ. ಹತ್ತಿ ಗಿರಣಿ ಇನ್ನು ಹೊಳೆಯ ದಡ ಹುಡುಕಿಕೊಂಡು ಹೋಗಬೇಕಿರಲಿಲ್ಲ, ಕೂಲಿಗಳು ಸಿಗುವ ಊರಿನಲ್ಲೇ ಹೊಗೆಕೊಳವೆ ಎತ್ತಬಹುದಿತ್ತು. ಎತ್ತಿದರು, ಆ ಊರುಗಳ ಗತಿ ಏನಾಯಿತು ಎಂಬುದು ಇನ್ನೊಂದು ದೊಡ್ಡ ಕಥೆ.

ವಾಟ್ ಮಾತ್ರ ಹ್ಯಾಂಡ್ಸ್‌ವರ್ತ್‌ನ ತನ್ನ ಹೀತ್‌ಫೀಲ್ಡ್ ಮನೆಯ ಅಟ್ಟ ಹತ್ತಿದ. ಅಲ್ಲಿ ಒಂದು ಒಲೆ, ಲೇತು, ನೂರಾರು ಡ್ರಾಯರು, ಕಿಟಕಿಯ ಬೆಳಕು. ಮುಖಶಿಲ್ಪಗಳನ್ನು ಅಚ್ಚುಕಟ್ಟಾಗಿ ನಕಲು ಮಾಡುವ ಯಂತ್ರಗಳನ್ನು ಕಟ್ಟಿದ. ಒಂದು ಸೂಜಿ ಮೂಲ ಶಿಲ್ಪದ ಮೈ ಸವರುತ್ತ ಹೋದರೆ, ಅದಕ್ಕೆ ಜೋಡಿಸಿದ ಬೈರಿಗೆ ಪಕ್ಕದ ಕಲ್ಲಿನಲ್ಲಿ ಅದನ್ನೇ ಕೆತ್ತುತ್ತದೆ. ಹಾಗೆ ಮಾಡಿದ ಪ್ರತಿಗಳನ್ನು ಗೆಳೆಯರಿಗೆ ಕೊಡುವಾಗ, ಎಂಬತ್ತಮೂರನೇ ವರ್ಷಕ್ಕೆ ಕಾಲಿಡುತ್ತಿರುವ ಒಬ್ಬ ತರುಣ ಕಲಾವಿದನ ಕೆಲಸ ಎನ್ನುತ್ತಿದ್ದ. 1819ರ ಆಗಸ್ಟ್ 25ರಂದು ತೀರಿಕೊಂಡ. ಅಟ್ಟಕ್ಕೆ ಬೀಗ ಬಿತ್ತು. ಅವನು ಬಿಟ್ಟುಹೋದಂತೆಯೇ ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಇತ್ತು. 1924ರಲ್ಲಿ, ಮನೆ ಕೆಡವುವ ಮುನ್ನ, ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಬಂದು, ಎಂಟು ಸಾವಿರಕ್ಕೂ ಹೆಚ್ಚು ಸಾಮಾನುಗಳನ್ನು ಒಂದೊಂದಾಗಿ ಎಣಿಸಿ, ಪಟ್ಟಿ ಬರೆದು, ನೆಲದ ಹಲಗೆ ಬಾಗಿಲುಗಳ ಸಮೇತ ಹೊತ್ತುಕೊಂಡು ಹೋದರು.